ಅರ್ಧಕ್ಕೆ ನಿಂತ ಸಾವು

ನಮ್ಮ ಮಾವನಷ್ಟು ಸೊಗಸಾಗಿ ಸಾಯುವವರು ಹನೂರು ಸೀಮೆಯಲ್ಲೇ ಇರಲಿಲ್ಲ! ಊರಿನ ಪೌರಾಣಿಕ ನಾಟಕಗಳಲ್ಲಿ ಸಾಯುವ ಪಾರ್ಟು ಯಾವುದಿದ್ದರೂ ಅವರದೇ. ಗದೆಯೇಟು ತಿಂದು ಉರುಳಿ, ಕಂದಪದ್ಯ ಹಾಡಿ ಕಣ್ಣು ಮುಚ್ಚಿದರೆ ಜನ "ಒನ್ಸ್ ಮೋರ್!" ಎಂದು ಕೂಗುವರು. ಹೆಣ ಎದ್ದು, ಧೂಳು ಕೊಡವಿಕೊಂಡು, ಕೈಮುಗಿದು ಮತ್ತೆ ಸಾಯುವುದು! ಅತ್ತೆ ಮಾತ್ರ ಒಂದು ದಿನವೂ ಬಂದವರಲ್ಲ. "ಗಂಡ ಸಾಯೋದ ನೋಡಕ್ಕೆ ಚಾಪೆ ತಕಂಡು ಓಗ್ಬೇಕಾ ನಾನು?" ಅನ್ನುವರು.

ಇಂಥ ಮಾವನಿಗೆ ಕೊಳ್ಳೇಗಾಲದ ಕಾಲೇಜು ಮೇಷ್ಟ್ರೊಬ್ಬರು ಆಫ್ರಿಕಾದ ಯೊರುಬಾ ಜನರ ವಿಷಯ ಹೇಳಿಬಿಟ್ಟರು. ಕಂಕುಳಲ್ಲಿ ಒತ್ತಿ ಬಾರಿಸಿದರೆ ಮಾತಾಡುವ ಡೋಲು ಅವರಲ್ಲಿದೆಯಂತೆ. ಸರಿ, ಮಾವ ತಾವೇ ನಾಟಕ ಬರೆದರು. ರಾಜ ಸತ್ತಿದ್ದಾನೆ. ಅವನನ್ನು ಹಿರಿಯರ ಲೋಕಕ್ಕೆ ಮುಟ್ಟಿಸಲು ಡೋಲಿನವನು ಬಾರಿಸುತ್ತಲೇ ಪ್ರಾಣ ಬಿಡಬೇಕು. ಬ್ರಿಟಿಷ್ ಅಧಿಕಾರಿ ಬಂದು ಡೋಲು ಕಿತ್ತುಕೊಳ್ಳುತ್ತಾನೆ. ಡೋಲಿನವನು ತನ್ನ ಎದೆಯನ್ನೇ ಬಾರಿಸಿಕೊಂಡು ಸಾಯುತ್ತಾನೆ.

"ನಮ್ ಜನಕ್ಕೆ ಅರ್ಥ ಆಯ್ತದಾ ಮಾವ?" ಅಂದೆ.

"ನಮ್ ಪದ ಹಾಡೋ ನೀಲಗಾರ್ರ ತಂಬೂರಿ ಯಾರಾರ ಕಿತ್ಕಂಡ್ರೆ ಅರ್ಥ ಆಗಲ್ವಾ? ಇಷ್ಟ್ ದಿನ ನಾ ಸತ್ತದ್ದೆಲ್ಲಾ ಪ್ರಾಕ್ಟೀಸು ಕಣ್ಲಾ. ಸಾಯೋದಾದ್ರೆ ಈ ಸಾವ ಸಾಯ್ಬೇಕು!"

ಅಧಿಕಾರಿಯ ಪಾರ್ಟು ಹಿಟ್ಟಿನ ಗಿರಣಿಯವನಿಗೆ ಸಿಕ್ಕಿತು. ದಿನವಿಡೀ ಬೆಳ್ಳಗೇ ಇರುವವನಿಗೆ ಮೇಕಪ್ಪು ಯಾಕೆ ಬೇಕು! ಬ್ರಿಟಿಷನೂ ಕಂದಪದ್ಯ ಹಾಡಿಕೊಂಡೇ ಬರಬೇಕೆಂದು ಹಾರ್ಮೋನಿಯಂ ಮೇಷ್ಟ್ರು ಹಟ ಹಿಡಿದರು. ತಾಲೀಮಿನಲ್ಲಿ ಹಾಡಿಸಿದೆವು.

ಅದು ಕಾಡಿನ ಗಲಾಟೆಯ ಕಾಲ; ಕಾಡುಗಳ್ಳರನ್ನು ಹಿಡಿಯಲು ಊರೂರಿಗೂ ಪೊಲೀಸರು ಬಂದಿದ್ದರು. ಸಂಜೆ ನಾಟಕ ಶುರುವಾಯಿತು. ಗಿರಣಿಯವನು ಪ್ರವೇಶಿಸಬೇಕು, ಅಷ್ಟರಲ್ಲಿ ನಿಜವಾದ ಸಬ್‌ಇನ್ಸ್‌ಪೆಕ್ಟರೇ ರಂಗ ಹತ್ತಿದರು!

"ನಿಲ್ಸ್ರಿ ನಾಟ್ಕ! ಕತ್ತಲಾದ್ಮೇಲೆ ಜನ ಸೇರಂಗಿಲ್ಲ!"

ಮಾವ ಡೋಲು ತಬ್ಬಿಕೊಂಡು ಗುಡುಗಿದರು: "ದೊರೆಯೇ! ನನ್ನ ರಾಜನಿನ್ನೂ ಅರ್ಧ ದಾರಿಯಲ್ಲಿರುವನು!"

ಜನ ಶಿಳ್ಳೆ ಹೊಡೆದು "ಒನ್ಸ್ ಮೋರ್!" ಅಂದರು. ಪಾಪ, ಸಾಹೇಬರು ಇನ್ನೊಮ್ಮೆ ಹೇಳಬೇಕಾಯಿತು, ಈ ಸಲ ಲಾಠಿ ಎತ್ತಿಕೊಂಡು. ಜನ ಎದ್ದುಬಿದ್ದು ಓಡಿದರು. ನೂಕುನುಗ್ಗಲಲ್ಲಿ ಮಾವನ ಕೈಜಾರಿದ ಡೋಲು ಜನರ ಕಾಲಿಗೆ ಸಿಕ್ಕಿ ಹರಿಯಿತು.

ಮತ್ತೆ ವರ್ಷಗಟ್ಟಲೆ ಪರ್ಮಿಷನ್ ಸಿಗಲಿಲ್ಲ. ಸಿಗುವ ಹೊತ್ತಿಗೆ ಹಾರ್ಮೋನಿಯಂ ಮೇಷ್ಟ್ರು ಇರಲಿಲ್ಲ, ಜನ ಟಿವಿ ಮುಂದೆ ಕೂತಿದ್ದರು. ಮಾವ ಬಣ್ಣ ಹಚ್ಚುವುದನ್ನೇ ಬಿಟ್ಟರು, ಕ್ರಮೇಣ ಮಾತನ್ನೂ. ಹೋದಾಗಲೆಲ್ಲ ಜಗಲಿಯಲ್ಲಿ ಕೂತು ಒಂದೇ ಹೇಳುವರು: "ನನ್ ಸಾವು ಅರ್ಧಕ್ಕೇ ನಿಂತೋಯ್ತು ಕಣ್ಲಾ." ಮೊದಮೊದಲು ನಗುತ್ತಿದ್ದೆ. ಆಮೇಲೆ ಆ ಮುಖ ನೋಡುವುದೇ ಕಷ್ಟವಾಯಿತು.

ಕೊನೆಗೆ ಕೊಳ್ಳೇಗಾಲದಲ್ಲಿ ಆಸ್ಪತ್ರೆ ಸೇರಿದರು. ಅತ್ತೆ ಚಾಪೆ ತಕೊಂಡು ಬಂದು ಮಂಚದ ಪಕ್ಕದಲ್ಲೇ ಹಾಸಿಕೊಂಡಿದ್ದರು. ಒಂದು ಮಧ್ಯಾಹ್ನ ಮಾವನ ಬೆರಳುಗಳು ಎದೆಯ ಮೇಲೆ ಮೆಲ್ಲಗೆ ಬಾರಿಸತೊಡಗಿದವು. ಅತ್ತೆ ಕಣ್ಣು ಕೀಳದೆ ನೋಡಿದರು. ಬೆರಳು ನಿಂತವು.

ಅತ್ತೆ ಅಳಲಿಲ್ಲ. ಬಗ್ಗಿ ಮಾವನ ಕಿವಿಯ ಹತ್ತಿರ, "ಒನ್ಸು ಮೋರು ಕಣ್ರಿ" ಅಂದರು. ಅಂದು, ಕಾಯುತ್ತಾ ನಿಂತರು.