ಎಡೆಯ ಸಾರಿಗೆ ಉಪ್ಪು

ಅಡುಗೆ ಕಲಿಸುವವರಿಗೆ ಈಗ ಬರವೇ ಇಲ್ಲ. ಮೊಬೈಲು ತೆರೆದರೆ ಸಾಕು, ಒಬ್ಬಾಕೆ ಸೌಟು ಹಿಡಿದು ನಗುತ್ತಾ ನಿಂತಿರುತ್ತಾಳೆ. ಎಣ್ಣೆ ಚೆನ್ನಾಗಿ ಕಾದ ಮೇಲೆ ಸಾಸಿವೆ ಹಾಕಿ, ಬೇಳೆ ಬೆಂದ ಮೇಲೆ ಹುಣಸೆಹುಳಿ ಬಿಡಿ, ಒಲೆಯ ಮುಂದೆ ನಿಂತು ಫೋನು ನೋಡಬೇಡಿ ಎಂದು ಫೋನಿನಲ್ಲೇ ಹೇಳುತ್ತಾಳೆ. ಎಲ್ಲವನ್ನೂ ಪಾಲಿಸಿಯೇನು. ಆದರೆ ‘ಉಪ್ಪು ಸ್ವಲ್ಪ ಸ್ವಲ್ಪವೇ ಹಾಕಿ, ಆಗಾಗ ರುಚಿ ನೋಡುತ್ತಿರಿ’ ಅನ್ನುತ್ತಾಳಲ್ಲ, ಆ ಪುಣ್ಯಾತ್ಗಿತ್ತಿಗೆ ನಮ್ಮತ್ತೆಯ ಪರಿಚಯವಿಲ್ಲ.

ಚಳ್ಳಕೆರೆಯಲ್ಲಿ ನನ್ನದೊಂದು ಮಿಕ್ಸಿ ರಿಪೇರಿ ಅಂಗಡಿ. ಊರಿನ ಅರ್ಧ ಚಟ್ನಿ ನನ್ನ ದಯೆಯಿಂದಲೇ ನುಣ್ಣಗಾಗುವುದು ಎಂದು ಮನೆಯಲ್ಲಿ ಜಂಬ ಕೊಚ್ಚುತ್ತಿದ್ದೆ. ಅಡುಗೆಮನೆಯ ಬಾಗಿಲಿಗೆ ಒರಗಿ ಹೆಂಡತಿ ಸುಮಾಳಿಗೆ ಸಲಹೆ ಕೊಡುವ ಚಟವೂ ಇತ್ತು. ಅಷ್ಟರಲ್ಲಿ ಮೊಳಕಾಲ್ಮುರಿನಿಂದ ಅತ್ತೆ ಮಂಡಿನೋವಿನ ಔಷಧಿಗೆಂದು ಬಂದು ನಮ್ಮಲ್ಲೇ ಉಳಿದರು. ಅವರಿದ್ದ ಕಡೆ ಸೋಮವಾರ ಮನೆದೇವರಿಗೆ ಎಡೆ ಇಡಲೇಬೇಕು. ಎಡೆಯಾಗುವ ತನಕ ಅಡುಗೆಯನ್ನು ಯಾರೂ ಬಾಯಿಗಿಡುವಂತಿಲ್ಲ, ಮೂಸಿದರೂ ಎಂಜಲೇ. ಮೊದಲ ಸೋಮವಾರ ಸುಮಾ ಅಂಗನವಾಡಿ ಕೆಲಸಕ್ಕೆ ಹೊರಟಿದ್ದಳು, ನನ್ನ ಅಂಗಡಿಗೆ ವಾರದ ರಜೆ.

“ಇಷ್ಟು ದಿನ ಬಾಗ್ಲಲ್ಲಿ ನಿಂತು ಹೇಳ್ತಿದ್ರಲ್ಲ, ಇವತ್ತು ಒಳಗೆ ನಿಂತು ಮಾಡ್ರಿ. ಅವ್ವನ ಮುಂದೆ ನನ್ನ ಮರ್ಯಾದೆ ತೆಗೀಬ್ಯಾಡ್ರಿ,” ಎಂದು ಹೋಗಿಯೇಬಿಟ್ಟಳು.

ಸಾರೇನೋ ಕುದಿಯಿತು. ಉಪ್ಪು ಹಾಕಿದೆ. ಸಾಕೋ, ಇನ್ನೂ ಬೇಕೋ? ನಡುಮನೆಯಲ್ಲಿ ಅತ್ತೆ ಕುರ್ಚಿಯ ಮೇಲೆ ಕಣ್ಣು ಮುಚ್ಚಿ ಜಪಕ್ಕೆ ಕುಳಿತಿದ್ದರು. ದೇವರಿಗೆ ಎಂಜಲು ಸಾರು ಇಡುವುದು ದೊಡ್ಡ ಪಾಪವೋ, ಸಪ್ಪೆ ಸಾರು ಇಡುವುದೋ? ಧರ್ಮಶಾಸ್ತ್ರ ಕೇಳುವಷ್ಟು ಪುರುಸೊತ್ತಿರಲಿಲ್ಲ. ಫ್ರಿಜ್ಜಿನ ಬಾಗಿಲು ತೆಗೆದು ಅದರ ಮರೆಯಲ್ಲಿ ಅಂಗೈಗೆ ಎರಡು ಹನಿ ಬಿಟ್ಟುಕೊಂಡು ನೆಕ್ಕಿದೆ. ಸಪ್ಪೆ! ಇನ್ನೊಂದು ಚಿಟಿಕೆ ಹಾಕಿ ಮತ್ತೆ ಮರೆಗೆ ಹೋದೆ.

“ಏನ್ ಹುಡುಕ್ತಿದೀರಿ ಅಳಿಯಂದ್ರೇ?” ಅತ್ತೆ ಕಣ್ಣು ತೆರೆಯದೆಯೇ ಕೇಳಿದರು.

“ಕೊತ್ತಂಬರಿ, ಅತ್ತೆ.”

“ಅದು ಇಲ್ಲೇ ನನ್ನ ತೊಡೆ ಮೇಲೈತೆ. ಆವಾಗ್ಲೇ ಸೋಸಿ ಇಟ್ಟೀನಿ.”

ಎಡೆಯಾಗಿ ಊಟಕ್ಕೆ ಕುಳಿತೆವು. ಮೊದಲ ತುತ್ತಿಗೇ ಅತ್ತೆಯ ಹುಬ್ಬು ಮೇಲೇರಿತು. “ಅಬ್ಬಾ, ಉಪ್ಪು ಭಲೇ ಸರಿಯಾಗಿ ಬಿದ್ದೈತೆ!” ನಾನು ಉಬ್ಬಿದೆ. “ನಾಲಿಗೆಗೆ ಹಚ್ಚದೆ ಹೆಂಗ್ ಬಿತ್ತು?” ತಕ್ಷಣ ಇಳಿದೆ. ಅಡುಗೆ ಕೆಟ್ಟಿದ್ದರೆ ಬೈಗುಳದಲ್ಲಿ ಮುಗಿಯುತ್ತಿತ್ತು, ಚೆನ್ನಾಗಿ ಮಾಡಿ ಸಿಕ್ಕಿಬಿದ್ದಿದ್ದೆ.

“ಎಲ್ಲಾ ದೇವರದು ಅತ್ತೆ,” ಎಂದೆ.

“ಹೌದ್ರೀ, ಆ ದೇವುಡೇ ಅಳ್ದು ಹಾಕ್ಯಾನೆ. ಇನ್ಮೇಲೆ ಸೋಮವಾರದ ಅಡುಗೆ ನಿಮ್ ಕೈಲೇ ಆಗ್ಲಿ,” ಎಂದು ಕೈಮುಗಿದರು. ಸಂಜೆ ಸುದ್ದಿ ಕೇಳಿದ ಸುಮಾ ನಕ್ಕ ನಗುವಿನಲ್ಲಿ ಭಕ್ತಿಯೇನೂ ಕಾಣಲಿಲ್ಲ.

ವಾರ ವಾರ ಫ್ರಿಜ್ಜಿನ ಮರೆಯಲ್ಲಿ ನನ್ನ ಕೈ ನಿಜಕ್ಕೂ ಪಳಗಿತು. ಆದರೆ ಆ ನೋಯುವ ಮಂಡಿ ಮಡಚಿ ಅತ್ತೆ ನನ್ನ ಎಂಜಲು ಸಾರಿನ ಮುಂದೆ ಕೂರುವುದನ್ನು ನೋಡಿದಾಗಲೆಲ್ಲ ಆ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ. ದೇವರು ಕ್ಷಮಿಸಿಯಾನು, ಇವರಿಗೆ ಗೊತ್ತಾದರೆ ಏನು ಗತಿ? ಕೊನೆಗೊಂದು ಸೋಮವಾರ ಗಟ್ಟಿ ಮನಸ್ಸು ಮಾಡಿ, ಬಾಯಿ ಬಿಗಿದುಕೊಂಡು, ಅಂದಾಜಿನ ಮೇಲೇ ಉಪ್ಪು ಹಾಕಿ ನಿಯತ್ತಾಗಿ ಎಡೆ ಇಟ್ಟೆ.

ಅತ್ತೆ ಮೊದಲ ತುತ್ತು ನುಂಗಿದರು. ಒಂದು ಚೊಂಬು ನೀರು ಕುಡಿದರು.

“ಯಾಕ್ರೀ ಅಳಿಯಂದ್ರೇ, ಇವತ್ತು ರುಚಿ ನೋಡ್ಲಿಲ್ವಾ?”

ಬಾಯಿಗೆತ್ತಿದ್ದ ತುತ್ತನ್ನು ಹಾಗೇ ತಟ್ಟೆಗಿಳಿಸಿದೆ.

“ಮತ್ತೆ ನಾನು ಆ ಹೊತ್ತಿಗೇ ಕಣ್ಣು ಮುಚ್ಕೊಂಡು ಕೂತ್ಕೊಳ್ತಿದ್ದಿದ್ದು ಯಾಕಂತ ತಿಳ್ಕೊಂಡ್ರಿ? ನಮ್ಮತ್ತೆನೂ ನಂಗೆ ಹಂಗೇ ಕಲಿಸಿದ್ಲು.”

ಇಷ್ಟು ವಾರ ಮೋಸ ಮಾಡುತ್ತಿದ್ದೇನೆಂದು ನಿದ್ದೆಗೆಟ್ಟವನು ಪೆಚ್ಚುಪೆಚ್ಚಾಗಿ ನಕ್ಕು, ಸಾರಿನ ಪಾತ್ರೆಯನ್ನು ಬಚ್ಚಲ ಕಡೆ ಒಯ್ಯಲು ಎದ್ದೆ. ಅತ್ತೆ ಅದನ್ನು ಕಿತ್ತುಕೊಂಡು ನನ್ನ ತಟ್ಟೆಯ ಪಕ್ಕದಲ್ಲೇ ಇಟ್ಟರು.

“ಎಡೆ ಸಾರು, ಚೆಲ್ಲಂಗಿಲ್ಲ. ಪ್ರಸಾದ. ಉಣ್ರಿ.”