ಜ್ಯೂರಿ ಡ್ಯೂಟಿಗೆ ಪುಳಿಯೋಗರೆ

ನನ್ನ ಅಭಿಪ್ರಾಯ ಕೇಳುವವರು ಈ ಜಗತ್ತಿನಲ್ಲಿ ಯಾರೂ ಇಲ್ಲ. ಹಾಗೆಂದು ನನ್ನಲ್ಲಿ ಅಭಿಪ್ರಾಯಗಳಿಗೇನೂ ಬರವಿಲ್ಲ. ಲಿವಿಂಗ್ ರೂಮಿನ ಪರದೆಯ ಬಣ್ಣದಿಂದ ಹಿಡಿದು ಈ ದೇಶದ ಅಧ್ಯಕ್ಷರು ಏನು ಮಾಡಬೇಕಿತ್ತು ಎನ್ನುವವರೆಗೆ ಎಲ್ಲದರ ಬಗ್ಗೆಯೂ ಒಂದೊಂದು ಗಟ್ಟಿ ಅಭಿಪ್ರಾಯ ಇಟ್ಟುಕೊಂಡಿದ್ದೇನೆ. ಆದರೆ ಪರದೆ ಆರಿಸುವುದು ನನ್ನ ಹೆಂಡತಿ ವಿಮಲಾ. ಅಧ್ಯಕ್ಷರಂತೂ ಫೋನೇ ಮಾಡುವುದಿಲ್ಲ. ಆಫೀಸಿನಲ್ಲಿ ನಾನು ಬಾಯಿ ತೆರೆದರೆ ಮ್ಯಾನೇಜರು ‘ಗುಡ್ ಪಾಯಿಂಟ್’ ಎಂದು ಹೇಳಿ ಪಕ್ಕದವನ ಕಡೆ ತಿರುಗುತ್ತಾನೆ. ಒಮ್ಮೆ ನಮ್ಮ ಕನ್ನಡದವರೆಲ್ಲ ಸೇರಿ ಮಾಡಿದ ಯುಗಾದಿಗೆ ನನ್ನನ್ನು ಊಟದ ಕಮಿಟಿಗೆ ಹಾಕಿದ್ದರು. ಭಾಷಣಕ್ಕಿಂತ ಮೊದಲು ಬಿಸಿಬೇಳೆ ಬಾತ್ ಬಡಿಸಬೇಕು, ಇಲ್ಲದಿದ್ದರೆ ಹೆಸರಿನಲ್ಲಿ ಮಾತ್ರ ಬಿಸಿ ಉಳಿಯುತ್ತದೆ ಎಂದು ವಾದಿಸಿದೆ. ಎಲ್ಲರೂ ಮೆಚ್ಚಿದರು. ಆಮೇಲೆ ಭಾಷಣವೇ ಮೊದಲಾಯಿತು. ಹಾಂ, ಊಟಕ್ಕೆ ಕೂತಾಗ ಸಾರು ಹೇಗಿದೆ ಎಂದು ವಿಮಲಾ ಕೇಳುವುದುಂಟು. ಅದನ್ನು ಅಭಿಪ್ರಾಯ ಕೇಳುವುದು ಎಂದು ಯಾವ ಗಂಡ ತಾನೆ ಲೆಕ್ಕಕ್ಕೆ ಹಿಡಿಯುತ್ತಾನೆ? ಪೇಪರಿನಿಂದ ತಲೆ ಎತ್ತದೆ ‘ಹೂಂ’ ಎನ್ನುತ್ತೇನೆ, ಅಷ್ಟೆ.

ಇಂಥವನಿಗೆ ಕೋರ್ಟಿನಿಂದ ಜ್ಯೂರಿ ಡ್ಯೂಟಿಗೆ ಕರೆ ಬಂದರೆ ಹೇಗಾಗಬೇಡ! ಆ ವರ್ಷವಷ್ಟೇ ಕೈ ಎತ್ತಿ ಪ್ರಮಾಣ ಮಾಡಿ ಅಮೆರಿಕದ ಪ್ರಜೆಯಾಗಿದ್ದೆ. ಆ ಸರ್ಟಿಫಿಕೇಟಿಗೆ ಇನ್ನೂ ಫ್ರೇಮು ಹಾಕಿಸಿರಲಿಲ್ಲ, ಅಷ್ಟರಲ್ಲಿ ಬಂದು ನ್ಯಾಯ ಹೇಳಿ ಎಂದು ಸರ್ಕಾರವೇ ಕರೆದಿತ್ತು. ಜ್ಯೂರಿ ಎಂದರೆ ನಮ್ಮ ಕಡೆಯ ಕಟ್ಟೆ ಪಂಚಾಯಿತಿಯಂಥದೇ, ಆದರೆ ಎಲೆಅಡಿಕೆ ಹಾಕುವಂತಿಲ್ಲ. ಲಾಯರುಗಳು ಎಷ್ಟೇ ಕೂಗಾಡಲಿ, ಕೊನೆಗೆ ಯಾರ ಕಡೆ ನ್ಯಾಯ ಎಂದು ತೀರ್ಮಾನಿಸುವವರು ಹನ್ನೆರಡು ಜನ ಸಾಮಾನ್ಯರು. ಕರೆಸಿದ ನೂರಾರು ಜನರಿಗೆ ಪ್ರಶ್ನೆ ಕೇಳಿ ಅವರನ್ನು ಆರಿಸುತ್ತಾರಂತೆ. ಆ ಹನ್ನೆರಡರಲ್ಲಿ ನಾನೊಬ್ಬನಾದರೆ! ಕ್ಯಾಂಪ್‌ಬೆಲ್ ಊರಿನ ನಮ್ಮ ಅಡುಗೆಮನೆಯಲ್ಲಿ ನಿಂತು ಆ ಕಾಗದವನ್ನು ಗಟ್ಟಿಯಾಗಿ ಓದಿದೆ. ವಿಮಲಾ ಒಗ್ಗರಣೆ ಇಳಿಸಿ, ಹಾಗಾದರೆ ಅವತ್ತು ಮಗಳನ್ನು ಸ್ಕೂಲಿನಿಂದ ಯಾರು ಕರೆತರುತ್ತಾರೆ ಎಂದು ಕೇಳಿದಳು.

ವಿಷಯ ಹರಡಿದ ಕೂಡಲೇ ಫೋನುಗಳು ಶುರುವಾದವು. ಇಲ್ಲಿ ಜ್ಯೂರಿಗೆ ಕರೆ ಬಂದವನನ್ನು ಯಾರೂ ಅಭಿನಂದಿಸುವುದಿಲ್ಲ, ತಪ್ಪಿಸಿಕೊಳ್ಳುವ ದಾರಿ ಹೇಳಿಕೊಡುತ್ತಾರೆ. ಇಲ್ಲೇ ಹತ್ತಿರದ ನೆವಾರ್ಕಿನಲ್ಲಿದ್ದ ಮಂಡ್ಯದ ಶಿವಣ್ಣನಂತೂ ಇದರಲ್ಲಿ ಪಳಗಿದ ಕೈ. ಇಂಗ್ಲಿಷ್ ಬರೋದಿಲ್ಲ ಅಂತ ಹೇಳಿಬಿಡಿ ಎಂದ. ನಾನು ಆಫೀಸಿನಲ್ಲಿ ಮಾಡುವ ಕೆಲಸವೇ ಇಂಗ್ಲಿಷಿನಲ್ಲಿ ಮ್ಯಾನ್ಯುಯಲ್ ಬರೆಯುವುದು ಕಣಯ್ಯಾ ಎಂದೆ. ಅದನ್ನು ಓದಿದವರು ಯಾರೂ ನಿಮ್ಮ ಮಾತನ್ನು ಅನುಮಾನಿಸಲ್ಲ ಬಿಡಿ ಸಾರ್ ಎಂದ. ಅದಾಗದಿದ್ದರೆ ಕರ್ಮಸಿದ್ಧಾಂತವಂತೆ: ಮಾಡಿದವರ ಪಾಪ ಆಡಿದವರ ಬಾಯಲ್ಲಿ, ನಾನು ಯಾರ ಮೇಲೂ ತೀರ್ಪು ಕೊಡಲಾರೆ ಎಂದು ಕಣ್ಣು ಮುಚ್ಚಿ ಕೂತುಬಿಡಬೇಕಂತೆ. ನನಗೆ ತಪ್ಪಿಸಿಕೊಳ್ಳುವ ಆಸೆ ಚೂರೂ ಇಲ್ಲ, ಆರಿಸಿಕೊಳ್ಳಲಿ ಎಂದು ಹರಕೆ ಹೊರುವುದೊಂದು ಬಾಕಿ ಎಂದು ಹೇಳಲು ನಾಚಿಕೆಯಾಗಿ ಸುಮ್ಮನೆ ಥ್ಯಾಂಕ್ಸ್ ಹೇಳಿದೆ. ಹೈಸ್ಕೂಲಿನಲ್ಲಿ ಓದುವ ಮಗಳು ಸ್ಮಿತಾ ಮಾತ್ರ ನನ್ನ ಮನಸ್ಸನ್ನು ಓದಿದ್ದಳು. “ದೇ ವೋಂಟ್ ಪಿಕ್ ಯು, ಡ್ಯಾಡ್,” ಎಂದಳು. ಕಾರಣ ಕೇಳಿದರೆ, ಅಲ್ಲಿ ಬಾಯಿ ಮುಚ್ಚಿಕೊಂಡಿರಬೇಕು, ನೀನು ಕಾರಿಗೆ ಗ್ಯಾಸ್ ಹಾಕಿಸಲು ನಿಂತರೂ ಯಾರ ಹತ್ತಿರವಾದರೂ ಮಾತಿಗೆ ಕೂರುತ್ತೀಯ ಎಂದಳು.

ಆ ದಿನ ಬೆಳಿಗ್ಗೆ ಹೊಸ ಸೂಟು ತೊಟ್ಟು ಸ್ಯಾನ್ ಹೋಸೆಯ ಕೋರ್ಟಿಗೆ ಹೋದೆ. ಜ್ಯೂರಿಗೆ ಕರೆ ಬಂದರೆ ಏನೇನಾಗುತ್ತದೆ ಎಂದು ನೀವು ಕೇಳುವುದಾದರೆ, ಮುಖ್ಯವಾಗಿ ಏನೂ ಆಗುವುದಿಲ್ಲ. ಒಂದು ದೊಡ್ಡ ಹಾಲು, ಬೆನ್ನು ನೋಯುವ ಕುರ್ಚಿಗಳು, ಹಳೆಯ ಮ್ಯಾಗಜೀನುಗಳು. ಅಲ್ಲಿ ನೂರಾರು ಜನ ಹಲ್ಲುನೋವಿನವರ ಮುಖ ಹೊತ್ತು ಕೂತಿದ್ದರು. ಒಬ್ಬ ಹೆಂಗಸು ನಾವು ಬಂದಾಗ ಶುರುಮಾಡಿದ ಸ್ವೆಟರಿನ ಒಂದು ತೋಳನ್ನು ಊಟದ ಹೊತ್ತಿಗೆ ಮುಗಿಸಿದಳು. ಕೋರ್ಟಿನ ಗುಮಾಸ್ತೆ ನಮಗೆಲ್ಲ ‘ಜ್ಯೂರರ್’ ಎಂಬ ಬ್ಯಾಡ್ಜು ಕೊಟ್ಟು, ಕೇಸಿನ ಬಗ್ಗೆ ಯಾರ ಹತ್ತಿರವೂ ಮಾತಾಡಕೂಡದು ಎಂದು ಹೇಳಿದಳು. ಹೊಸ ಸೂಟಿಗೆ ಪಿನ್ನು ಚುಚ್ಚಿದರೆ ವಿಮಲಾ ನನ್ನನ್ನು ಮನೆಗೆ ಸೇರಿಸುವುದಿಲ್ಲವೆಂದು ಬ್ಯಾಡ್ಜನ್ನು ಜೇಬಿನಲ್ಲಿಟ್ಟುಕೊಂಡೆ.

ಮಧ್ಯಾಹ್ನ ಊಟಕ್ಕೆ ಬಿಟ್ಟರು. ಹೊರಗೆ ಅಂಗಳದ ಬೆಂಚಿನ ಮೇಲೆ ಕೂತು ಡಬ್ಬಿ ಬಿಚ್ಚಿದೆ. ಪುಳಿಯೋಗರೆ. ಅದೇ ಬೆಂಚಿನ ಆ ತುದಿಯಲ್ಲಿ ಒಬ್ಬ ಮುದುಕ ಟೊಪ್ಪಿಯನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದ. ಪಕ್ಕದಲ್ಲೊಬ್ಬ ಬರಿಗೈಯಲ್ಲಿ ಕೂತಿರುವಾಗ ನಾನೊಬ್ಬನೇ ಹೇಗೆ ತಿನ್ನುವುದು? ನಮ್ಮಮ್ಮ ರೈಲಿನಲ್ಲಿ ಇಡೀ ಬೋಗಿಗೆ ಚಿತ್ರಾನ್ನ ಹಂಚಿ, ಕೊನೆಗೆ ಅಂಟಿದ ಕರಿಬೇವನ್ನಷ್ಟೇ ತಾನು ತಿಂದವಳು. ಡಬ್ಬಿಯ ಮುಚ್ಚಳಕ್ಕೆ ಅರ್ಧ ಹಾಕಿ ಮುದುಕನಿಗೆ ಕೊಟ್ಟೆ. ಬೇಡ ಬೇಡ ಎಂದ, ನಾನು ಬಿಡಲಿಲ್ಲ. ಮೊದಲ ತುತ್ತಿಗೆ ಅವನ ಕಣ್ಣಲ್ಲಿ ನೀರು ಬಂತು, ಆದರೂ ಕಡಲೆಕಾಯಿ ಬೀಜ ಒಂದೂ ಬಿಡದೆ ಮುಗಿಸಿದ. ಆಮೇಲೆ ಒಂದು ಆಶ್ಚರ್ಯ ನಡೆಯಿತು. ಖಾಲಿ ಪಾತ್ರೆ ಹಿಂದಿರುಗಿಸಬಾರದೆಂಬುದು ನಮ್ಮಲ್ಲಿ ಮಾತ್ರವಲ್ಲ, ಅವನ ಮನೆಯಲ್ಲೂ ಇದ್ದಿರಬೇಕು. ಕೋಟಿನ ಜೇಬಿನಿಂದ ಕಾಗದದ ಚೀಲ ತೆಗೆದು ಖಾಲಿಯಾಗಿದ್ದ ನನ್ನ ಡಬ್ಬಿಯ ತುಂಬ ಒಣಗಿಸಿದ ಏಪ್ರಿಕಾಟ್ ಹಣ್ಣು ಸುರಿದ. ನನ್ನ ಹಿತ್ತಲಿನದು, ಇನ್ನು ಮುಂದೆ ಸಿಗುವುದಿಲ್ಲ ಎಂದ. ನಾವಿಬ್ಬರೂ ಹಣ್ಣು ಒಣಗಿಸುವುದರ ಬಗ್ಗೆ, ನಮ್ಮ ಕಡೆಯ ಹಲಸಿನ ಹಪ್ಪಳದ ಬಗ್ಗೆ ಬೇಕಾದಷ್ಟು ಮಾತಾಡಿದೆವು. ಕೇಸಿನ ಸುದ್ದಿ ನಾನೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಹಣ್ಣಂತೂ ಅಮೃತ!

ಊಟವಾದ ಮೇಲೆ ನಮ್ಮಲ್ಲಿ ಕೆಲವರನ್ನು ಕರೆದು ಒಂದು ಕೋರ್ಟಿನೊಳಗೆ ಕೂರಿಸಿ, ಕೇಳಿದ್ದಕ್ಕೆ ನಿಜವನ್ನೇ ಹೇಳುತ್ತೇವೆ ಎಂದು ಪ್ರಮಾಣ ಮಾಡಿಸಿದರು. ತಲೆ ಎತ್ತಿ ನೋಡಿದರೆ ಎದುರಿನ ಮೇಜಿನ ಹಿಂದೆ ಲಾಯರಿನ ಪಕ್ಕದಲ್ಲಿ ನನ್ನ ಮುದುಕ! ಜಡ್ಜಮ್ಮ ಕನ್ನಡಕ ಏರಿಸಿ ಕೇಸು ಏನೆಂದು ತಿಳಿಸಿದರು. ಈ ಮುದುಕನ ಹಿತ್ತಲಿನ ಏಪ್ರಿಕಾಟ್ ಮರವನ್ನು ಪಕ್ಕದ ಮನೆಯವನು ಕಡಿಸಿಹಾಕಿದ್ದಾನೆ. ಅದು ಹಣ್ಣು ಬಿಡದ, ಒಣಗಿ ಸತ್ತ ಮರ, ನನ್ನ ಬೇಲಿಯ ಮೇಲೆ ಬೀಳುವಂತಿತ್ತು, ಕಡಿಸಿದ್ದು ಉಪಕಾರ ಎಂದು ಅವನ ವಾದ. ಮರ ಬದುಕಿತ್ತೋ ಸತ್ತಿತ್ತೋ ಎಂಬುದನ್ನೇ ಜ್ಯೂರಿ ತೀರ್ಮಾನಿಸಬೇಕು. ಕೇಸು ಶುರುವಾಗುವ ಮೊದಲೇ ನಾನು ಸಾಕ್ಷ್ಯವನ್ನು ತಿಂದು ತೇಗಿದ್ದೆ.

ಇಬ್ಬರಲ್ಲಿ ಯಾರದಾದರೂ ಪರಿಚಯ ನಿಮಗಿದೆಯೇ ಎಂದು ಜಡ್ಜಮ್ಮ ಕೇಳಿದರು. ಹೆಸರು ಗೊತ್ತಿಲ್ಲದವನನ್ನು ಪರಿಚಯ ಎನ್ನಬಹುದೇ ಎಂದು ನನ್ನೊಳಗೆ ಒಬ್ಬ ಲಾಯರು ಎದ್ದ. ಸುಮ್ಮನಿದ್ದರೆ ಜ್ಯೂರಿಯ ಕುರ್ಚಿ ನನ್ನದು. ಜನ್ಮದಲ್ಲಿ ಒಂದು ಸಲ ನನ್ನ ಮಾತಿಗೆ ಬೆಲೆ. ಆದರೆ ನನ್ನ ಡಬ್ಬಿಯಲ್ಲಿ ಉಂಡವನನ್ನು ಗೊತ್ತಿಲ್ಲ ಎನ್ನಲು ನಾಲಗೆ ಹೊರಳಲಿಲ್ಲ. ಕೈ ಎತ್ತಿದೆ. ಹೇಗೆ ಪರಿಚಯ ಎಂದರು. ನನ್ನ ಪುಳಿಯೋಗರೆ ತಿಂದಿದ್ದಾರೆ, ಯುವರ್ ಆನರ್ ಎಂದೆ. ಕೋರ್ಟಿನಲ್ಲಿ ಆಡಿದ್ದನ್ನೆಲ್ಲ ಟೈಪು ಮಾಡುತ್ತಿದ್ದ ಹೆಂಗಸಿನ ಕೈ ನಿಂತಿತು. ಕೇಸಿನ ಬಗ್ಗೆ ಮಾತಾಡಿದಿರಾ ಎಂದರು. ಇಲ್ಲ, ಅವರು ಕೊಟ್ಟ ಹಣ್ಣಿನ ಬಗ್ಗೆ ಎಂದೆ. ಯಾವ ಹಣ್ಣು ಎಂದರು. ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಅಷ್ಟು ಜನ ನನ್ನ ಬಾಯನ್ನೇ ನೋಡುತ್ತಿದ್ದರು. ಇಂಥ ಗಳಿಗೆ ನನ್ನ ಬಾಳಿನಲ್ಲಿ ಹಿಂದೆ ಬಂದಿರಲಿಲ್ಲ.

“ಏಪ್ರಿಕಾಟು, ಯುವರ್ ಆನರ್. ಅವರ ಮರದ್ದೇ. ಈ ದೇಶಕ್ಕೆ ಬಂದ ಮೇಲೆ ಇಷ್ಟು ರುಚಿಯಾದ ಹಣ್ಣು ನಾನು ತಿಂದಿಲ್ಲ. ಸತ್ತ ಮರ ಇಂಥ ಹಣ್ಣು ಬಿಡುವುದಿಲ್ಲ.”

ಪಕ್ಕದ ಮನೆಯವನ ಲಾಯರು ಕುರ್ಚಿ ಉರುಳಿಸಿ ಎದ್ದ. ಲಾಯರುಗಳಿಬ್ಬರನ್ನೂ ಹತ್ತಿರ ಕರೆದು ಜಡ್ಜಮ್ಮ ಬಹಳ ಹೊತ್ತು ಪಿಸುಗುಟ್ಟಿದರು. ಆಮೇಲೆ ನನ್ನ ಪ್ರಾಮಾಣಿಕತೆಗೆ ವಂದನೆ ಹೇಳಿ, ಈ ಮಹನೀಯರ ಮಾತನ್ನು ಕೇಳಿಸಿಕೊಂಡವರು ಯಾರೂ ಇನ್ನು ಈ ಕೇಸಿಗೆ ಆಗುವುದಿಲ್ಲ, ಇನ್ನೊಂದು ದಿನ ಹೊಸಬರನ್ನು ಕರೆಸುತ್ತೇವೆ ಎಂದು ನಮ್ಮೆಲ್ಲರನ್ನೂ ಮನೆಗೆ ಕಳಿಸಿಬಿಟ್ಟರು. ಹೊರಗೆ ಬಂದ ಕೂಡಲೇ ಅಷ್ಟೂ ಜನ ನನ್ನ ಕೈ ಕುಲುಕಿದರು. ಸ್ವೆಟರಿನ ಹೆಂಗಸು ನನ್ನನ್ನು ತಬ್ಬಿಕೊಂಡಳು. ನನಗೆ ಮಾತ್ರ ಅಳು ಬರುವಂತಾಗಿತ್ತು. ನನ್ನ ಕುರ್ಚಿ ಹೋದದ್ದಿರಲಿ, ನನ್ನ ಬಾಯಿಂದಾಗಿ ಆ ಮುದುಕನ ಕೇಸು ಮುಂದಕ್ಕೆ ಹೋಯಿತಲ್ಲ ಎಂದು ಸಂಕಟ. ಲಾಯರು ಅವನ ಮೊಣಕೈ ಹಿಡಿದು ಕರೆದೊಯ್ಯುತ್ತಿದ್ದ. ನನ್ನೊಂದಿಗೆ ಮಾತಾಡುವಂತಿರಲಿಲ್ಲ, ಮುದುಕ ತಿರುಗಿ ನೋಡಿ ಹೊಟ್ಟೆ ಸವರಿಕೊಂಡು ನಕ್ಕ.

ಸಾಯಂಕಾಲ ಮನೆಯಲ್ಲಿ ಎಲ್ಲ ಹೇಳಿದೆ. ಸ್ಮಿತಾ ‘ಟೋಲ್ಡ್ ಯು’ ಎಂದಳು. ಅಷ್ಟರಲ್ಲಿ ಶಿವಣ್ಣನ ಫೋನು ಬಂತು. ಕಥೆ ಕೇಳಿ ಅವನಿಗೆ ಆನಂದವೋ ಆನಂದ. ಒಬ್ಬ ತಪ್ಪಿಸಿಕೊಂಡದ್ದು ಕಂಡಿದ್ದೇನೆ ಸಾರ್, ಇಡೀ ಗುಂಪನ್ನೇ ಬಿಡಿಸಿಕೊಂಡು ಬಂದವರು ನೀವೊಬ್ಬರೇ ಎಂದವನು, ಮುಂದಿನ ವಾರ ತನ್ನ ಮೈದುನನಿಗೂ ಜ್ಯೂರಿ ಇದೆ, ಅಕ್ಕಾವರ ಹತ್ತಿರ ಸ್ವಲ್ಪ ಪುಳಿಯೋಗರೆ ಗೊಜ್ಜು ಸಿಗುತ್ತದೆಯೇ ಎಂದು ಕೇಳಿದ.

ಫೋನಿಟ್ಟು ಬಂದು ನೋಡಿದರೆ ವಿಮಲಾ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

“ರೀ, ಮದುವೆ ಆದಾಗಿನಿಂದ ಪುಳಿಯೋಗರೆ ಮಾಡಿ ಹಾಕ್ತಾ ಇದ್ದೀನಿ. ಒಂದು ದಿನ ಚೆನ್ನಾಗಿದೆ ಅಂದಿದ್ದೀರಾ? ಯಾರದೋ ಹಿತ್ತಲಿನ ಒಣಹಣ್ಣು ಚೆನ್ನಾಗಿದೆ ಅಂತ ಕೋರ್ಟಲ್ಲಿ ಪ್ರಮಾಣ ಮಾಡಿ ಹೇಳಿ ಬಂದ್ರಾ?”

ಬೆಂಬಲಕ್ಕೆಂದು ಸ್ಮಿತಳ ಕಡೆ ನೋಡಿದೆ; ಅವಳು ಮೆಲ್ಲನೆ ತಟ್ಟೆ ಎತ್ತಿಕೊಂಡು ತನ್ನ ರೂಮಿಗೆ ಹೋದಳು. ರಾಜಿ ಮಾಡಿಕೊಳ್ಳೋಣವೆಂದು ಡಬ್ಬಿ ತೆರೆದು ಉಳಿದಿದ್ದ ಏಪ್ರಿಕಾಟುಗಳನ್ನು ವಿಮಲಾಳ ಮುಂದಿಟ್ಟೆ. ಅವಳು ಒಂದನ್ನು ಬಾಯಿಗೆ ಹಾಕಿಕೊಂಡು, ನನ್ನ ಕುರ್ಚಿಯಲ್ಲಿ ಕೂತು, ನನ್ನ ಪೇಪರನ್ನು ಬಿಡಿಸಿ ಮುಖಕ್ಕೆ ಅಡ್ಡ ಹಿಡಿದಳು. ಹೇಗಿದೆ ಎಂದು ಕೇಳಿದೆ.

ಪೇಪರಿನಿಂದ ತಲೆ ಎತ್ತದೆ ‘ಹೂಂ’ ಎಂದಳು.