ಸೋದರ ಸೊಸೆಯ ಕರಿನಾಲಿಗೆ

ಮೂಢನಂಬಿಕೆಗಳನ್ನು ನಾನು ಹಗಲು ಹೊತ್ತಿನಲ್ಲಿ ನಂಬುವುದಿಲ್ಲ. ಬೆಕ್ಕು ಅಡ್ಡ ಬಂದರೆ ಅದಕ್ಕೂ ಏನೋ ಕೆಲಸವಿರಬೇಕು ಎಂದುಕೊಂಡು ಮುಂದೆ ಹೋಗುವವನು. ಆದರೆ ಮುಸ್ಸಂಜೆಯಲ್ಲಿ ಅಸ್ತು ದೇವತೆಗಳು ಓಡಾಡುತ್ತಾರೆ, ನಾವು ಆಡಿದ್ದಕ್ಕೆಲ್ಲ ‘ಅಸ್ತು’ ಎಂದುಬಿಡುತ್ತಾರೆ ಎಂಬ ಮಾತನ್ನು ಅಲ್ಲಗಳೆಯುವ ಧೈರ್ಯ ನನಗಿಲ್ಲ. ಕಾರಣ, ನಮ್ಮ ಮನೆಯಲ್ಲೇ ಬೆಳೆದ ಅಕ್ಕನ ಮಗಳು ಕಾವ್ಯ. ಅವಳ ನಾಲಿಗೆಯ ಮೇಲೆ ಎಳ್ಳುಕಾಳಿನಷ್ಟು ಕಪ್ಪು ಮಚ್ಚೆಯಿದೆ. ಅಂಥವರು ಆಡಿದ್ದು ನಡೆಯುತ್ತದೆಂದು ನಮ್ಮ ಕಡೆ ನಂಬಿಕೆ. “ಒಳ್ಳೇದು ಮಾತಾಡವ್ವಾ” ಎಂದು ಹೇಳಿ ಹೇಳಿಯೇ ಅವಳನ್ನು ಬೆಳೆಸಿದೆವು. ಬೆಳೆದು ಅವಳು ಹಿಡಿದದ್ದು ಬ್ಯಾಟಲ್ ರ‍್ಯಾಪ್. ಎಂದರೆ, ಇಬ್ಬರು ಎದುರುಬದುರು ನಿಂತು, ತಾಳ ತಪ್ಪದಂತೆ, ಪ್ರಾಸ ಕೂಡಿಸಿ ಒಬ್ಬರನ್ನೊಬ್ಬರು ಬೈಯುವುದು. ನಲ್ಲಿ ಹತ್ತಿರ ಪುಕ್ಕಟೆ ನಡೆಯುವ ಈ ಕಲೆಗೆ ವೇದಿಕೆಯೂ ಇದೆಯೆಂದು ನನಗೆ ಗೊತ್ತಿರಲಿಲ್ಲ.

ಮೊದಲ ಸಲ ಚನ್ನಗಿರಿಯ ಹುಡುಗನೊಬ್ಬನಿಗೆ, “ಗಾಳಿ ತುಂಬಿದ ಟ್ಯೂಬು ನೀನು, ಹೊಳೆ ದಾಟೋದ್ರೊಳಗೆ ಟುಸ್ಸು” ಎಂದಳು. ಊರಿಗೆ ಮರಳುವಾಗ ಹೊನ್ನಾಳಿ ಸೇತುವೆಯ ಮೇಲೆ ಅವನ ಬೈಕಿನ ಎರಡೂ ಚಕ್ರ ಪಂಕ್ಚರ್. ನಕ್ಕೆವು. ಆಮೇಲೆ ದಾವಣಗೆರೆಯಲ್ಲಿ ಜಗಳೂರಿನವನ ಮುಂದೆ ನಿಂತು, “ನಾನು ಬಾಯಿ ತೆಗೆದ್ರೆ ರಾಗ, ನಿನ್ನ ಗಂಟಲಿಗೆ ಬೀಗ” ಎಂದಳು. ಅವನು ಉತ್ತರಕ್ಕೆ ಬಾಯಿ ತೆರೆದ. ತುಟಿ ಆಡಿತು, ದನಿ ಬರಲಿಲ್ಲ. ಜನ ಅದೂ ನಟನೆಯೆಂದು ಶಿಳ್ಳೆ ಹೊಡೆದರು. ಕಾವ್ಯ ಮರುದಿನ ಜಗಳೂರಿಗೇ ಹೋಗಿ, ಅವನ ಕೈ ಹಿಡಿದು “ಮಾತಾಡಣ್ಣಾ” ಎಂದ ಮೇಲೆಯೇ ಅವನು “ನೀರು” ಎಂದದ್ದು. ನಾನು ಪಕ್ಕದಲ್ಲೇ ಇದ್ದೆ. ಅವನ ತಾಯಿ ನಮ್ಮತ್ತ ನೋಡಿದ ರೀತಿಯನ್ನು ನಾನಿನ್ನೂ ಮರೆತಿಲ್ಲ.

ಆ ವಿಡಿಯೋ ಊರೂರು ಸುತ್ತಿತು. ಎದುರು ನಿಲ್ಲಲು ಒಬ್ಬರೂ ಬರದಂತಾದರು. ಬೈಸಿಕೊಳ್ಳುವವರೇ ಇಲ್ಲದ ಮೇಲೆ ಬೈಯುವವಳು ಸಿನಿಮಾಕ್ಕೆ ಹೋಗದೆ ಇನ್ನೇನು ಮಾಡಿಯಾಳು? ಬೆಂಗಳೂರಿನಿಂದ ಕರೆ ಬಂತು, ಸಿನಿಮಾದ ಹಾಡಿಗೆ. “ಮಾಮಾ, ಇದು ಬೈಯೋ ಹಾಡಲ್ಲ. ನಿನ್ನ ಮ್ಯಾಲೆ ಎರಡು ಸಾಲು ಬರಿಯಾಕೆ ಹತ್ತೀನಿ” ಎಂದಳು. ಟೈಲರ್ ಆದ ನಾನು ಅಂದು ಒಂದೇ ಅಂಗಿಗೆ ಮೂರು ತೋಳು ಹೊಲಿದೆ.

“ಬ್ಯಾಡವ್ವಾ” ಎಂದೆ.

“ನಂಗೂ ಹೆದರಿಕೆ ಐತೆ ಮಾಮಾ. ಅವನ ಬಾಯಿ ಕಣ್ಣ ಮುಂದೇನೇ ಐತೆ. ಅದಕ್ಕೇ ಒಳ್ಳೇದು ಬರಿಯಾಕೆ ಹೊಂಟೀನಿ. ಏನು ಬೇಕು, ನೀನೇ ಹೇಳು.”

ಅವಳ ಕಣ್ಣಲ್ಲಿ ನೀರಿತ್ತು. ಆದರೂ ಕೇಳುವಾಗ ಮನುಷ್ಯ ತನ್ನದನ್ನೇ ಕೇಳುತ್ತಾನೆ. “ಆಯುಷ್ಯ ಗಟ್ಟಿ ಇರ್ಲಿ ಅಂತ ಬರಿ” ಎಂದೆ.

ಬರೆದಳು. ಹಾಡು ಗೆದ್ದಿತು. ಈಗ ನ್ಯಾಮತಿಯ ಬಸ್ಸಿನಲ್ಲಿ, ಮದುವೆ ಮನೆಯಲ್ಲಿ, ಗೋವಿನಕೋವಿಯ ಟ್ರ್ಯಾಕ್ಟರಿನಲ್ಲಿ ಅದೇ ಹಾಡು:

“ಊರೇ ಖಾಲಿಯಾದ್ರೂ ನಮ್ಮ ಮಾಮ ಉಳೀತಾನೆ,
ಎಲ್ಲರನ್ನೂ ಕಳಿಸಿಕೊಟ್ಟು ಬಾಗಿಲು ಹಾಕ್ತಾನೆ.”

ಮೊದಲ ಸಲ ಕೇಳಿದಾಗ ನನಗೆ ಖುಷಿಯೇ ಆಯಿತು. ನನ್ನ ಹೆಂಡತಿ ಶಾಂತಾ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ, “ಎಲ್ಲರನ್ನೂ ಅಂದ್ರೆ ನಾನೂ ಬಂದ್ನೇನ್ರೀ?” ಎಂದಳು. ಬೆಂಗಳೂರಿನಲ್ಲಿದ್ದ ಕಾವ್ಯಳಿಗೆ ಫೋನ್ ಮಾಡಿ, “ಸಾಲು ಬದಲಾಯಿಸವ್ವಾ” ಎಂದು ಗೋಗರೆದೆ. “ಹೆಂಗೆ ಮಾಮಾ? ಈಗ ಅದು ನನ್ನೊಬ್ಬಳ ಬಾಯಾಗಿಲ್ಲ. ಎಲ್ಲಾರೂ ಹಾಡಾಕೆ ಹತ್ಯಾರೆ.”

ಮನೆಯ ಮುಂಭಾಗದ ನನ್ನ ಅಂಗಡಿಗೆ ಬಂದ ಗಿರಾಕಿಗಳು ಈಗ ಅಳತೆ ಕೊಟ್ಟು ಬೇಗ ಹೊರಡುತ್ತಾರೆ. ನಿನ್ನೆ ಬೆಳಗ್ಗೆ ಶಾಂತಾ ಸುಮ್ಮನೆ ಎರಡು ಸಲ ಕೆಮ್ಮಿದಳು. “ಏನಾಯ್ತೇ?” ಎಂದು ಕೂತಲ್ಲಿಂದಲೇ ಕೂಗಿದೆ. “ಏನೂ ಇಲ್ರೀ, ಒಗ್ಗರಣೆ ಘಾಟು” ಎಂದಳು. ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದಲೇ ಅವಳ ದನಿ ಬಂತು: “ಮೊದ್ಲು ಆ ಹಾಡು ನಿಲ್ಸಾಕೆ ಹೇಳ್ರಿ, ಯಾರದು ಹಾಡೋದು?”

ರಸ್ತೆಯಲ್ಲಿ ಬಸ್ಸಿರಲಿಲ್ಲ, ಟ್ರ್ಯಾಕ್ಟರೂ ಇರಲಿಲ್ಲ. ಮಿಷನ್ ತುಳಿಯುತ್ತಾ, ಅದರ ತಾಳಕ್ಕೆ ಸರಿಯಾಗಿ, ನಾನೇ ಹಾಡುತ್ತಿದ್ದೆ.